ಮನೆ ಹತ್ತಿರದ ಚರ್ಚ್ ಸ್ಕೂಲು: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಬಾಡಿಗೆ ಮನೆ ಹುಡುಕುವಾಗಲೇ ಈ ಪ್ರಶ್ನೆ ಎದುರಾಗುತ್ತದೆ. ಹತ್ತಿರದಲ್ಲಿ ಒಳ್ಳೆಯ ಪ್ರೈಮರಿ ಶಾಲೆ ಯಾವುದಿದೆ ಎಂದು ಮ್ಯಾಪಿನಲ್ಲಿ ನೋಡಿದರೆ ಹೆಸರಿನ ಜೊತೆಗೆ 'ಸಿ ಆಫ್ ಇ' ಎಂದಿರುತ್ತದೆ, ಅಂದರೆ ಚರ್ಚ್ ಆಫ್ ಇಂಗ್ಲೆಂಡ್. ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಆಗಸ್ಟ್ ಬಂತೆಂದರೆ ಅವೇ ಮೂರು ಪ್ರಶ್ನೆಗಳು: ಫೀಸು ಎಷ್ಟು, ಕ್ರೈಸ್ತರಲ್ಲದವರಿಗೆ ಸೀಟು ಕೊಡುತ್ತಾರಾ, ಮಗುವನ್ನು ಅವರ ಧರ್ಮಕ್ಕೆ ಎಳೆದುಕೊಳ್ಳುತ್ತಾರಾ. ಮೂರನೆಯದನ್ನು ಹೆಚ್ಚಾಗಿ ಊರಿನಿಂದ ಅಜ್ಜಿ ಕೇಳಿಸಿರುತ್ತಾರೆ.

ಫೀಸು ಇಲ್ಲ. ಬೆಂಗಳೂರು, ಮಂಗಳೂರಿನ ಕಾನ್ವೆಂಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇದು ನಂಬಲು ಕಷ್ಟ. ಡೊನೇಶನ್ ಇಲ್ಲ, ಮಗುವಿಗೂ ಅಪ್ಪ ಅಮ್ಮನಿಗೂ ಇಂಟರ್‌ವ್ಯೂ ಇಲ್ಲ. ಇಲ್ಲಿಯ ಚರ್ಚ್ ಸ್ಕೂಲುಗಳಲ್ಲಿ ಬಹುಪಾಲು ಸರ್ಕಾರದ ದುಡ್ಡಿನಲ್ಲೇ ನಡೆಯುವ ಊರ ಶಾಲೆಗಳು. ಸರ್ಕಾರ ಶಾಲೆ ಕಟ್ಟಲು ಶುರುಮಾಡಿದ್ದು 1870ರ ಶಿಕ್ಷಣ ಕಾಯ್ದೆಯ ನಂತರ. ಚರ್ಚಿನವರ ನ್ಯಾಷನಲ್ ಸೊಸೈಟಿ 1811ರಿಂದಲೇ ಬಡವರ ಮಕ್ಕಳಿಗಾಗಿ ಶಾಲೆ ತೆರೆಯುತ್ತಾ ಬಂದಿತ್ತು. 1944ರ ಶಿಕ್ಷಣ ಕಾಯ್ದೆ ಈ ಎರಡನ್ನೂ ಒಂದೇ ವ್ಯವಸ್ಥೆಯೊಳಗೆ ಕೂರಿಸಿತು. ಹಾಗಾಗಿಯೇ ಇವತ್ತಿಗೂ ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಚರ್ಚ್ ಆಫ್ ಇಂಗ್ಲೆಂಡಿನದು. ಹಳ್ಳಿ ಕಡೆ ಮನೆ ಮಾಡಿದವರಿಗೆ ಬೇರೆ ಆಯ್ಕೆಯೇ ಇರುವುದಿಲ್ಲ. ವೀಸಾದ ಮೇಲೆ 'ನೋ ಪಬ್ಲಿಕ್ ಫಂಡ್ಸ್' ಎಂದು ಬರೆದಿರುವುದನ್ನು ನೋಡಿ ಗಾಬರಿಯಾಗಬೇಡಿ, ಸರ್ಕಾರಿ ಶಾಲೆಯ ಓದು ಅದರೊಳಗೆ ಬರುವುದಿಲ್ಲ.

ಸೀಟಿನ ವಿಷಯ

ಇಲ್ಲಿ ಒಂದು ಭೇದ ತಿಳಿದಿರಬೇಕು. 'ವಾಲಂಟರಿ ಕಂಟ್ರೋಲ್ಡ್' ಶಾಲೆಯಾದರೆ ಪ್ರವೇಶದ ನಿಯಮ ಮಾಡುವುದು ಸಾಮಾನ್ಯವಾಗಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ. ಅಕ್ಕ ಅಣ್ಣ ಅಲ್ಲಿ ಓದುತ್ತಿದ್ದಾರಾ, ಮನೆ ಎಷ್ಟು ದೂರ ಎಂಬುದೇ ಮುಖ್ಯ. 'ವಾಲಂಟರಿ ಏಡೆಡ್' ಆದರೆ ನಿಯಮ ಶಾಲೆಯ ಗವರ್ನರುಗಳದ್ದು, ಅಂದರೆ ಆಡಳಿತ ಮಂಡಳಿಯದ್ದು, ಸೀಟಿಗಿಂತ ಅರ್ಜಿ ಹೆಚ್ಚು ಬಂದಾಗ ಚರ್ಚಿಗೆ ಹೋಗುವ ಕುಟುಂಬಗಳನ್ನು ಮುಂದೆ ಮಾಡಬಹುದು. ಎಲ್ಲ ಏಡೆಡ್ ಶಾಲೆಗಳೂ ಹಾಗೆ ಮಾಡುತ್ತವೆ ಎಂದೇನಿಲ್ಲ. ಚರ್ಚಿನ ಮಾತೇ ಎತ್ತದೆ ದೂರ ನೋಡಿ ಸೀಟು ಕೊಡುವವೂ ಇವೆ. ಈಗ ಎಷ್ಟೋ ಶಾಲೆಗಳು ಕೌನ್ಸಿಲಿನ ಕೈಬಿಟ್ಟು ನೇರ ಸರ್ಕಾರದ ದುಡ್ಡಿನಲ್ಲಿ ನಡೆಯುವ ಅಕಾಡೆಮಿಗಳಾಗಿರುವುದರಿಂದ ಬೋರ್ಡು ನೋಡಿ ಏನೂ ಗೊತ್ತಾಗುವುದಿಲ್ಲ. ಶಾಲೆಯ ವೆಬ್‌ಸೈಟಿನಲ್ಲಿ 'ಅಡ್ಮಿಷನ್ಸ್ ಪಾಲಿಸಿ' ತೆಗೆದು ಆದ್ಯತೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ನಿಮ್ಮ ಮಗು ಎಷ್ಟನೆಯ ಸಾಲಿನಲ್ಲಿ ಬರುತ್ತದೆ ನೋಡಿ. ಹೋದ ವರ್ಷ ಎಷ್ಟು ದೂರದವರೆಗೆ ಸೀಟು ಸಿಕ್ಕಿತ್ತು ಎಂಬುದನ್ನು ಕೌನ್ಸಿಲಿನವರು ಸಾಮಾನ್ಯವಾಗಿ ಪ್ರಕಟಿಸಿರುತ್ತಾರೆ. ಮನೆಯ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ನೋಡಿದರೆ ಅರ್ಧ ತಲೆನೋವು ಕಡಿಮೆ.

ಶಾಲೆ ಸೇರುವ ಮೊದಲ ವರ್ಷಕ್ಕೆ ಇಲ್ಲಿ 'ರಿಸೆಪ್ಶನ್' ಎಂದು ಹೆಸರು, ಆಮೇಲೆ ಇಯರ್ ಒನ್‌ನಿಂದ ಇಯರ್ ಸಿಕ್ಸ್‌ವರೆಗೆ. ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರಿಗೆ ಸೇರ್ಪಡೆ, ಅರ್ಜಿಗೆ ಜನವರಿ 15 ಕಡೆಯ ದಿನ, ಫಲಿತಾಂಶ ಏಪ್ರಿಲ್ 16ಕ್ಕೆ. ವರ್ಷದ ನಡುವೆ ಬಂದಿಳಿದವರು 'ಇನ್ ಇಯರ್' ಅರ್ಜಿ ಹಾಕಬೇಕು. ಅದು ಕೆಲವು ಕಡೆ ಕೌನ್ಸಿಲಿಗೆ, ಕೆಲವು ಕಡೆ ನೇರ ಶಾಲೆಗೆ. ಇಯರ್ ಟೂವರೆಗೆ ಒಬ್ಬ ಟೀಚರಿಗೆ 30 ಮಕ್ಕಳು ಮೀರಬಾರದೆಂಬ ಕಾನೂನಿದೆ. 'ಒಂದು ಮಗು ಅಡ್ಜಸ್ಟ್ ಮಾಡಿಕೊಳ್ಳಿ ಮೇಡಂ' ಎಂದು ಹೆಡ್ ಟೀಚರ್ ಮುಂದೆ ನಿಂತರೆ ಪ್ರಯೋಜನವಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಹಾಕಿಸಿ, ಮನೆ ಬದಲಾಯಿಸುವ ಕುಟುಂಬಗಳಿಂದ ಸೀಟು ಖಾಲಿಯಾಗುತ್ತಲೇ ಇರುತ್ತದೆ.

ಚರ್ಚಿಗೆ ಹೋಗುವ ಆಧಾರದ ಮೇಲೆ ಸೀಟು ಕೇಳುವವರು 'ಸಪ್ಲಿಮೆಂಟರಿ' ಫಾರ್ಮ್ ಒಂದನ್ನು ಬೇರೆಯಾಗಿ ತುಂಬಿ ಪಾದ್ರಿಗಳಿಂದ ಸಹಿ ಹಾಕಿಸಬೇಕು. ನಮ್ಮಲ್ಲಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬಗಳು ಗಮನಿಸಿ: ನಿಮ್ಮದು ಚರ್ಚ್ ಆಫ್ ಇಂಗ್ಲೆಂಡ್ ಇರುವ ಆಂಗ್ಲಿಕನ್ ಬಳಗಕ್ಕೇ ಸೇರಿದ ಸಭೆ. ಊರಿನ ಚರ್ಚಿಗೆ ಹೋಗುತ್ತಿದ್ದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ ಎಂಬುದು ಪಾಲಿಸಿಯಲ್ಲೇ ಇರುತ್ತದೆ, ಆದ್ದರಿಂದ ಹೊರಡುವ ಮುಂಚೆ ಅಲ್ಲಿಯ ಅಯ್ಯನವರಿಂದ ಒಂದು ಪತ್ರ ತನ್ನಿ. ಮಂಗಳೂರು ಕಡೆಯ ಕೆಥೋಲಿಕರು ಕೆಥೋಲಿಕ್ ಶಾಲೆ ಬಯಸುವುದಾದರೆ ಮಗುವಿನ ಜ್ಞಾನಸ್ನಾನದ ಸರ್ಟಿಫಿಕೇಟ್ ಹ್ಯಾಂಡ್ ಲಗೇಜಿನಲ್ಲೇ ಇರಲಿ. ಇನ್ನು ಬರೀ ಸೀಟಿಗಾಗಿ ಭಾನುವಾರ ಚರ್ಚಿನ ಕಡೆಯ ಬೆಂಚಿನಲ್ಲಿ ಕೂತು ಬರುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಇಂಗ್ಲಿಷರೇ ಎಷ್ಟೋ ಜನ ಮಾಡುತ್ತಾರೆ, ನಿಜ. ಆದರೂ ಮಗುವಿನ ಕಣ್ಣೆದುರು ಆಡುವ ನಾಟಕ ಅದು.

ಅಸೆಂಬ್ಲಿ, ಪ್ರಾರ್ಥನೆ

ಶಾಲೆಯ ವೇಳಾಪಟ್ಟಿಯಲ್ಲಿ 'ಕಲೆಕ್ಟಿವ್ ವರ್ಶಿಪ್' ಎಂದು ಕಂಡರೆ ಅದು ದಿನದ ಪ್ರಾರ್ಥನಾ ಸಭೆ. ಇದು ಚರ್ಚ್ ಸ್ಕೂಲಿಗೆ ಮಾತ್ರವಲ್ಲ, ಸರ್ಕಾರಿ ದುಡ್ಡಿನ ಎಲ್ಲ ಶಾಲೆಗಳಿಗೂ ಕಾನೂನು ಹೇಳಿರುವುದೇ. ಚರ್ಚ್ ಸ್ಕೂಲಿನಲ್ಲಿ ಅದನ್ನು ತಪ್ಪದೆ ಮಾಡುತ್ತಾರೆ ಅಷ್ಟೆ. ಮಕ್ಕಳು ಸಾಲಾಗಿ ಬಂದು ಸಭಾಂಗಣದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಮುಂದೆ ಮೇಜಿನ ಮೇಲೊಂದು ಮೇಣದ ಬತ್ತಿ ಹಚ್ಚುತ್ತಾರೆ. ಬೈಬಲಿನ ಒಂದು ಕಥೆ, ಇಲ್ಲವೇ ಕ್ಷಮೆ, ಸಹನೆಯಂಥ ಒಂದು ಮೌಲ್ಯದ ಬಗ್ಗೆ ಮಾತು, ಒಂದು ಹಾಡು, ಪುಟ್ಟ ಪ್ರಾರ್ಥನೆ. ಕಾಲು ಗಂಟೆ, ಇಪ್ಪತ್ತು ನಿಮಿಷ. 'ಈ ಪ್ರಾರ್ಥನೆ ನಿಮ್ಮದೂ ಆಗಬೇಕು ಅನ್ನಿಸಿದರೆ ಆಮೆನ್ ಹೇಳಿ, ಇಲ್ಲದಿದ್ದರೆ ಸುಮ್ಮನೆ ಕೂತಿರಿ' ಎಂದು ಟೀಚರೇ ಹೇಳುವುದು ಬಹಳ ಕಡೆ ರೂಢಿ. ಆಗಾಗ ವಿಕರ್, ಅಂದರೆ ಊರ ಚರ್ಚಿನ ಪಾದ್ರಿ, ಬರುತ್ತಾರೆ, ಮಕ್ಕಳು ಅವರನ್ನು ಹೆಸರು ಹಿಡಿದೇ ಕರೆಯುವುದೂ ಉಂಟು. ಊಟಕ್ಕೆ ಮುಂಚೆ ಎರಡು ಸಾಲು ಕೃತಜ್ಞತೆ ಹೇಳುವ ಶಾಲೆಗಳೂ ಇವೆ.

ಬೇಡ ಎನ್ನುವ ಹಕ್ಕು ತಂದೆ ತಾಯಿಗೆ ಪೂರ್ತಿ ಇದೆ. ಪ್ರಾರ್ಥನಾ ಸಭೆಯಿಂದಾಗಲಿ, ಧರ್ಮಗಳ ಪಾಠದಿಂದಾಗಲಿ, ಎರಡರಿಂದಲೂ ಆಗಲಿ ಮಗುವನ್ನು ಹೊರಗಿಡಿ ಎಂದು ಕೇಳಬಹುದು, ಕಾರಣ ಕೊಡಬೇಕಿಲ್ಲ. ನಮ್ಮ ಅಭಿಪ್ರಾಯ ಕೇಳುವುದಾದರೆ, ಮೊದಲು ಒಂದು ಟರ್ಮ್ ನೋಡಿ. ಗೆಳೆಯರೆಲ್ಲ ಸಭಾಂಗಣದಲ್ಲಿ ಹಾಡುವಾಗ ಐದು ವರ್ಷದ ಮಗು ಒಂಟಿಯಾಗಿ ಲೈಬ್ರರಿಯಲ್ಲಿ ಚಿತ್ರಕ್ಕೆ ಬಣ್ಣ ತುಂಬುತ್ತಾ ಕೂರುವುದು ಅದಕ್ಕೇನೂ ಖುಷಿಯ ಸಂಗತಿಯಲ್ಲ. ಬೇರೆ ಧರ್ಮದ ಮಕ್ಕಳನ್ನು ಶಾಲೆ ಹೇಗೆ ನಡೆಸಿಕೊಳ್ಳುತ್ತದೆ ಎಂದು ತಿಳಿಯಬೇಕಿದ್ದರೆ ಆಫ್‌ಸ್ಟೆಡ್ (ಸರ್ಕಾರದ ಶಾಲಾ ತಪಾಸಣೆ) ವರದಿಯ ಜೊತೆಗೆ 'ಸಿಯಾಮ್ಸ್' ವರದಿಯನ್ನೂ ಓದಿ. ಅದು ಚರ್ಚ್ ಸ್ಕೂಲುಗಳಿಗೆಂದೇ ಇರುವ ತಪಾಸಣೆ. ಆಫ್‌ಸ್ಟೆಡ್ ಮಾತ್ರ ನೋಡಿ ತೀರ್ಮಾನಿಸುವವರೇ ನಮ್ಮಲ್ಲಿ ಹೆಚ್ಚು.

ಧರ್ಮಗಳ ಪಾಠದಲ್ಲಿ ಕ್ರೈಸ್ತ ಧರ್ಮಕ್ಕೆ ಹೆಚ್ಚು ಪಾಲು, ಆದರೆ ಹಿಂದೂ, ಇಸ್ಲಾಂ, ಸಿಖ್, ಯಹೂದಿ ಧರ್ಮಗಳೂ ಬರುತ್ತವೆ. ದೀಪಾವಳಿ ಎಂದರೆ ರಾಮ ಸೀತೆ ಅಯೋಧ್ಯೆಗೆ ಮರಳಿದ ಕಥೆ ಎಂದೇ ಕಲಿಸುತ್ತಾರೆ. 'ಅಮ್ಮಾ, ನಮ್ಮ ಮನೇಲಿ ನರಕಾಸುರ ಅಂತೀರಲ್ಲ, ಮಿಸ್ ಬೇರೆ ಹೇಳಿದ್ರು' ಎಂದು ಮಗು ಬಂದು ಕೇಳುವ ದಿನ ಬಂದೇ ಬರುತ್ತದೆ. ಆಗ ಟೀಚರಿಗೆ ಒಂದು ಇಮೇಲ್ ಬರೆದು, ಕರ್ನಾಟಕದಲ್ಲಿ ನೀರು ತುಂಬುವ ಹಬ್ಬ, ಎಣ್ಣೆ ಸ್ನಾನ, ಬಲಿಪಾಡ್ಯಮಿ ಇರುತ್ತದೆ, ಬಂದು ಹೇಳಲೇ ಎಂದು ಕೇಳಿ. ಬೇಡ ಎನ್ನುವ ಟೀಚರ್ ಅಪರೂಪ. ರಂಗೋಲಿ ಪುಡಿ ಒಯ್ಯಿರಿ, ದೀಪ ಬೇಕಾದರೆ ಬ್ಯಾಟರಿಯದ್ದು ಒಯ್ಯಿರಿ.

ಅವರ ಹಬ್ಬಗಳಲ್ಲಿ ನಿಮಗೆ ಕೆಲಸ ಬರುವುದು ಎರಡಕ್ಕೆ. ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಹಾರ್ವೆಸ್ಟ್ ಫೆಸ್ಟಿವಲ್: ಮಕ್ಕಳು ತಂದ ಡಬ್ಬಿ ಆಹಾರ ಫುಡ್ ಬ್ಯಾಂಕಿಗೆ ಹೋಗುತ್ತದೆ. ಬೀನ್ಸ್, ಟೊಮೆಟೊ, ಪಾಸ್ತಾ ಯಾವುದಾದರೂ ಸರಿ, ತಾರೀಖು ಮುಗಿದಿರಬಾರದು. ಡಿಸೆಂಬರಿನಲ್ಲಿ ನೇಟಿವಿಟಿ, ಅಂದರೆ ಯೇಸು ಹುಟ್ಟಿದ ಕಥೆಯ ನಾಟಕ. ಇದು ಚಿಕ್ಕ ತರಗತಿಗಳ ದೊಡ್ಡ ಸಂಭ್ರಮ. 'ನಿಮ್ಮ ಮಗುವಿಗೆ ಕುರಿ ಕಾಯುವವನ ಪಾತ್ರ, ಸೋಮವಾರದೊಳಗೆ ವೇಷ ಕಳಿಸಿ' ಎಂದು ಬ್ಯಾಗಿನಲ್ಲಿ ಚೀಟಿ ಬಂದರೆ ಅಂಗಡಿಗೆ ಓಡಬೇಡಿ. ಉದ್ದನೆಯ ಅಂಗಿ ಅಥವಾ ಡ್ರೆಸ್ಸಿಂಗ್ ಗೌನ್, ತಲೆಗೆ ಅಡುಗೆಮನೆಯ ಟೀ ಟವಲ್, ಅದು ಜಾರದಂತೆ ಒಂದು ದಾರ. ಇಂಗ್ಲಿಷ್ ಮಕ್ಕಳ ವೇಷವೂ ಅಷ್ಟೇ. ಮೇರಿಯ ಪಾತ್ರ ಹಿಂದೂ ಹುಡುಗಿಗೆ, ಜೋಸೆಫ್ ಪಾತ್ರ ಮುಸ್ಲಿಂ ಹುಡುಗನಿಗೆ ಸಿಗುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಫೋಟೋ ತೆಗೆಯಬಹುದಾ ಎಂದು ಮೊದಲು ಕೇಳಿ. ತೆಗೆದದ್ದನ್ನು ಫೇಸ್‌ಬುಕ್ಕಿಗೆ ಹಾಕಬೇಡಿ, ಅದರಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ.

ಓದು ಬರಹ

ವಯಸ್ಸು ನೋಡಿ ತರಗತಿ. ಬೆಂಗಳೂರಿನಲ್ಲಿ ಯುಕೆಜಿ ಓದುತ್ತಿದ್ದ ಐದು ವರ್ಷದ ಮಗು ಇಲ್ಲಿ ಸೆಪ್ಟೆಂಬರಿಗೆ ನೇರ ಇಯರ್ ಒನ್. 'ಲೆಕ್ಕದಲ್ಲಿ ಮುಂದಿದ್ದಾನೆ, ಒಂದು ಕ್ಲಾಸ್ ಮೇಲೆ ಹಾಕಿ' ಎಂಬ ಕೋರಿಕೆ ನಡೆಯುವುದಿಲ್ಲ. ಪಠ್ಯಪುಸ್ತಕ ಇಲ್ಲ, ರ‍್ಯಾಂಕ್ ಇಲ್ಲ, ಮನೆಗೆ ಬರುವುದು ಒಂದು ಬುಕ್ ಬ್ಯಾಗ್ ಮಾತ್ರ. ಅದರೊಳಗಿನ ಓದುವ ಪುಸ್ತಕವನ್ನು ದಿನಾ ಹತ್ತು ನಿಮಿಷ ಓದಿಸಿ 'ರೀಡಿಂಗ್ ರೆಕಾರ್ಡ್'ನಲ್ಲಿ ಸಹಿ ಹಾಕಿ. ಏನು ಕಲಿಸುತ್ತಿದ್ದಾರೋ ಏನೋ ಎಂಬ ಆತಂಕಕ್ಕೆ ಇದೇ ಮದ್ದು. ನಮ್ಮವರು ಹೋಮ್‌ವರ್ಕ್ ಸಾಲದು ಎಂದು ದೂರುತ್ತಾರೆಯೇ ಹೊರತು ಈ ಸಹಿಯನ್ನು ಮಾತ್ರ ಮರೆಯುತ್ತಾರೆ.

ಇಂಗ್ಲಿಷ್ ಓದು ಶುರುವಾಗುವುದು ಫೋನಿಕ್ಸಿನಿಂದ. ಎ, ಬಿ, ಸಿ ಎಂದು ಬಾಯಿಪಾಠ ಮಾಡಿಸಿ ಕಳಿಸಿದ ಮಗುವಿಗೆ ಇಲ್ಲಿ ಅಕ್ಷರದ ಹೆಸರಲ್ಲ, ಅದರ ಸದ್ದು ಬೇಕು: 'ಎಸ್' ಅಲ್ಲ 'ಸ್ಸ್', 'ಎಮ್' ಅಲ್ಲ 'ಮ್ಮ್'. ಕನ್ನಡ ಓದಬಲ್ಲ ತಾಯ್ತಂದೆಯರಿಗೆ ಇದು ಸುಲಭ. ಕಾಗುಣಿತ ಕಲಿತವರು ಸದ್ದು ಕೂಡಿಸಿಯೇ ಓದಿದವರಲ್ಲವೇ. 'ಮ' ಎಂದು ಕೊನೆಯಲ್ಲಿ ಅಕಾರ ಎಳೆಯದಿದ್ದರೆ ಸಾಕು. ಇಯರ್ ಒನ್ ಜೂನಿನಲ್ಲಿ 40 ಪದಗಳನ್ನು ಓದಿಸಿ ಪರೀಕ್ಷಿಸುತ್ತಾರೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇರುವುದಿಲ್ಲ, ಪಕ್ಕದಲ್ಲಿ ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ. ಮಗು ನೆನಪಿನಿಂದ ಹೇಳದೆ ಸದ್ದು ಕೂಡಿಸಿ ಓದುತ್ತದೆಯೇ ಎಂದು ನೋಡುವುದಕ್ಕೆ. ಇಯರ್ ಫೋರಿನಲ್ಲಿ ಮಗ್ಗಿ: ಹನ್ನೆರಡರವರೆಗೆ, ಕಂಪ್ಯೂಟರಿನಲ್ಲಿ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. ಅಜ್ಜಂದಿರನ್ನು ವಿಡಿಯೊ ಕಾಲಿನಲ್ಲಿ ಕೂರಿಸಿ ಈ ಕೆಲಸ ಅವರಿಗೇ ವಹಿಸಿ. ಇಯರ್ ಸಿಕ್ಸ್ ಮೇ ತಿಂಗಳಲ್ಲಿ ಸ್ಯಾಟ್ಸ್ ಎಂಬ ರಾಷ್ಟ್ರೀಯ ಪರೀಕ್ಷೆ, ಆ ಹೊತ್ತಿಗೆ ನೀವೇ ಹೊಸಬರಿಗೆ ಸಲಹೆ ಕೊಡುತ್ತಿರುತ್ತೀರಿ.

ಇಂಗ್ಲಿಷ್ ಬಾರದ ಮಗು ಮೊದಲ ಕೆಲವು ತಿಂಗಳು ಕ್ಲಾಸಿನಲ್ಲಿ ಬಾಯಿಯೇ ಬಿಡದಿರಬಹುದು. ಕೇಳಿಸಿಕೊಳ್ಳುತ್ತಿರುತ್ತದೆ, ಹೆದರಬೇಡಿ. ಅದಕ್ಕಾಗಿ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಟೀಚರುಗಳೇ ನಿಲ್ಲಿಸಬೇಡಿ ಎನ್ನುತ್ತಾರೆ. ಟಾಯ್ಲೆಟ್, ನೀರು, ಹೊಟ್ಟೆನೋವು, 'ನನಗೆ ಅರ್ಥವಾಗಲಿಲ್ಲ', ಇಷ್ಟು ಇಂಗ್ಲಿಷಿನಲ್ಲಿ ಹೇಳಲು ಬಂದರೆ ಶುರುವಿಗೆ ಸಾಕು.

ಊಟದ ಡಬ್ಬಿ, ಕಿವಿಯೋಲೆ, ರಜೆ

ರಿಸೆಪ್ಶನ್, ಇಯರ್ ಒನ್, ಇಯರ್ ಟೂ ಮಕ್ಕಳಿಗೆ 2014ರಿಂದ ಮಧ್ಯಾಹ್ನದ ಊಟ ಉಚಿತ. ಲಂಡನ್ನಿನ ಸರ್ಕಾರಿ ಪ್ರೈಮರಿಗಳಲ್ಲಿ 2023ರಿಂದ ಎಲ್ಲ ತರಗತಿಗೂ. ಸಸ್ಯಾಹಾರಿ ಎಂದು ಬರೆಸಿದರೂ ಅದರಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ಬೇಡವಾದರೆ ಅದನ್ನು ಬೇರೆಯಾಗಿ ಬರೆಸಿ. ಹುಟ್ಟುಹಬ್ಬಕ್ಕೆ ಹಂಚುವ ಜೆಲ್ಲಿ ಮಿಠಾಯಿಯಲ್ಲಿ ಹೆಚ್ಚಾಗಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ, ಅದು ಬೇಡವೆಂದೂ ಟೀಚರಿಗೆ ಹೇಳಿಡಿ. ಡಬ್ಬಿ ಕಟ್ಟುವವರಿಗೆ ಒಂದು ಎಚ್ಚರಿಕೆ: ಬಹುತೇಕ ಶಾಲೆಗಳಲ್ಲಿ ಕಡಲೆಕಾಯಿ ಬೀಜ ತರುವಂತಿಲ್ಲ. ಚಿತ್ರಾನ್ನ, ಪುಳಿಯೋಗರೆ, ಶೇಂಗಾ ಚಟ್ನಿಪುಡಿ, ಚಿಕ್ಕಿ ಎಲ್ಲವೂ ಇದರಲ್ಲಿ ಬಂತು. ಪಕ್ಕದ ಮಗುವಿನ ಅಲರ್ಜಿ ಜೀವಕ್ಕೇ ಕುತ್ತು ತರಬಹುದು, 'ಎರಡೇ ಬೀಜ' ಎಂದು ಉದಾಸೀನ ಬೇಡ.

ಓಲೆ, ಬಳೆ, ಸರ ಪಿ.ಇ. (ಆಟ, ವ್ಯಾಯಾಮ) ದಿನ ಬಿಚ್ಚಲೇಬೇಕು. ಕಿವಿ ಚುಚ್ಚಿಸುವುದಿದ್ದರೆ ಜುಲೈ ಕೊನೆಯಲ್ಲಿ ಬೇಸಿಗೆ ರಜೆ ಶುರುವಾದ ಕೂಡಲೇ ಚುಚ್ಚಿಸಿ, ಸುಮಾರು ಆರು ವಾರದ ರಜೆಯಲ್ಲಿ ಗಾಯ ಮಾಯುತ್ತದೆ. ಇಷ್ಟಲಿಂಗ, ಜನಿವಾರದಂಥವು ಇದ್ದರೆ ಮೊದಲೇ ಆಫೀಸಿಗೆ ತಿಳಿಸಿ ದಾರಿ ಕೇಳಿ. ಧರ್ಮವೆಂದರೇನೆಂದು ಗೊತ್ತಿರುವ ಶಾಲೆಯಾದ್ದರಿಂದ ಸಾಮಾನ್ಯವಾಗಿ ಕಿವಿಗೊಟ್ಟು ಕೇಳುತ್ತಾರೆ.

ಊರಿಗೆ ಹೋಗುವ ಟಿಕೆಟ್ ಅಗ್ಗವೆಂದು ಟರ್ಮ್ ನಡುವೆ ಹೊರಟರೆ ದಂಡ. ಅನುಮತಿಯಿಲ್ಲದೆ ಐದು ದಿನ ತಪ್ಪಿಸಿದರೆ ಒಂದು ಮಗುವಿಗೆ, ತಂದೆಗೊಂದು ತಾಯಿಗೊಂದು ಎಂದು ತಲಾ 80 ಪೌಂಡ್ ಬೀಳಬಹುದು. 21 ದಿನದೊಳಗೆ ಕಟ್ಟದಿದ್ದರೆ 160. ಅಣ್ಣನ ಮದುವೆ ಎಂದರೂ ಹೆಡ್ ಟೀಚರ್ ಒಪ್ಪಲೇಬೇಕೆಂದಿಲ್ಲ. ಧಾರ್ಮಿಕ ಹಬ್ಬದ ದಿನಕ್ಕೆ ರಜೆ ಬೇಕಾದರೆ ಮುಂಚಿತವಾಗಿ ಬರೆದು ಕೇಳಿ. ಹುಷಾರಿಲ್ಲ ಎಂದು ಸುಳ್ಳು ಹೇಳಿ ಹೊರಟವರ ಮಕ್ಕಳು ವಾಪಸ್ ಬಂದು ಆನೆ ನೋಡಿದ ಕಥೆಯನ್ನು ಕ್ಲಾಸಿನಲ್ಲಿ ಹೇಳಿಯೇ ಹೇಳುತ್ತಾರೆ.

ಯೂನಿಫಾರ್ಮಿನ ಪ್ಯಾಂಟು, ಶರ್ಟು, ಪಿನಾಫೋರ್ ಸೂಪರ್ ಮಾರ್ಕೆಟ್ಟಿನಲ್ಲೇ ಅಗ್ಗಕ್ಕೆ ಸಿಗುತ್ತವೆ. ಶಾಲೆಯ ಲೋಗೋ ಇರುವ ಕಾರ್ಡಿಗನ್ ಒಂದಕ್ಕೆ ಮಾತ್ರ ಶಾಲೆಯವರ ಅಂಗಡಿಗೆ ಹೋಗಬೇಕಾಗಬಹುದು, ಪಿಟಿಎಯವರು ಸೆಕೆಂಡ್ ಹ್ಯಾಂಡ್ ಮಾರುವ ದಿನ ಕಾದರೆ ಅದೂ ಒಂದೆರಡು ಪೌಂಡಿಗೆ ಸಿಕ್ಕೀತು. ಎಲ್ಲದರ ಮೇಲೂ ಹೆಸರು ಬರೆಯಿರಿ, ಸಾಕ್ಸ್ ಸೇರಿ.