ಮಾಳಿಗೆಗೆ ಮಣ್ಣು ಏರಿಸುವ ಮೊದಲು ಇಳಿಸಿದೆ

ನಮ್ಮದು ಹುನಗುಂದ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆ. ಮಾಳಿಗೆ ಅಂದರೆ ನಮ್ಮ ಕಡೆ ಮನೆಯ ಮೇಲಿನ ಚಪ್ಪಟೆ ಚಾವಣಿ. ಬೇವಿನ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಒತ್ತಾಗಿ ಹೊಂದಿಸಿದ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಕೊನೆಗೆ ಮಣ್ಣು. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಪಡಸಾಲೆಯಲ್ಲಿ ಚಾಪೆ ಹಾಸಿ ನಿದ್ದೆ ಮಾಡಬಹುದು. ಆರ್‌ಸಿಸಿ ಹಾಕಿಸು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಈ ಮನೆಯೇ ಬೇಕು. ಬೇಕು ಅಂದಮೇಲೆ ಮಳೆಗಾಲಕ್ಕೆ ಮೊದಲು ಅದರ ತಲೆ ಮೇಲೆ ಹತ್ತಿ ನೋಡಲೇಬೇಕು.

ಅಪ್ಪನದು ಒಂದೇ ಪದ್ಧತಿ. ರೋಹಿಣಿ ಮಳೆ ಕೂಡುವ ಮೊದಲು, ಅಂದರೆ ಮೇ 20ರ ಒಳಗೆ, ಗಾಡಿ ಹೂಡಿಕೊಂಡು ಹೋಗಿ ಸವಳು ಮಣ್ಣು (ಉಪ್ಪು ಕಟ್ಟಿದ ಜಾಗದ ಮಣ್ಣು) ತರುವುದು, ಮಾಳಿಗೆ ತುಂಬ ಒಂದು ಪದರ ಹರಡುವುದು. ಪ್ರತಿ ವರ್ಷ ಇದೇ. ಮಳೆಗೆ ಒಂದಿಷ್ಟು ತೊಳೆದು ಹೋಗುತ್ತದೆ, ಉಳಿದದ್ದು ಅಲ್ಲೇ ಕೂರುತ್ತದೆ. ಹೀಗೆ ಎಷ್ಟು ಕೂತಿದೆ ಅಂತ ಯಾರೂ ಅಳೆದಿರಲಿಲ್ಲ.

2009ರಲ್ಲಿ ಗೊತ್ತಾಯಿತು. ಆ ವರ್ಷ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಊರೂರಲ್ಲಿ ಮಣ್ಣಿನ ಮನೆಗಳು ಕೂತವು. ನಮ್ಮ ಅಡುಗೆಮನೆ ಬೆಳಗಿನ ಜಾವ ಬಿತ್ತು. ಅವ್ವ ಆಗಷ್ಟೇ ಒಲೆ ಹಚ್ಚಲು ಕುಳ್ಳು ತರೋಕೆ ಹಿತ್ತಲಿಗೆ ಹೋಗಿದ್ದಳು. ಮಳೆ ನಿಂತ ಮೇಲೆ ಮಣ್ಣು ಎತ್ತುವಾಗ ಒಂದು ದೊಡ್ಡ ಹೆಂಟೆ ಹಾಗೇ ಸಿಕ್ಕಿತು. ಅದರ ಅಂಚಿನಲ್ಲಿ ಒಂದರ ಮೇಲೊಂದು ತೆಳ್ಳಗಿನ ಪದರ, ರೊಟ್ಟಿ ಒಟ್ಟಿದ ಹಾಗೆ. ಒಂದು ಬೂದಿ ಬಣ್ಣ, ಒಂದು ಸ್ವಲ್ಪ ಕಂದು. ಅಜ್ಜನ ಕಾಲದ್ದು, ಅಪ್ಪನ ಕಾಲದ್ದು, ಎಲ್ಲಾ ಅದರಲ್ಲಿತ್ತು. ಟೇಪು ಹಿಡಿದರೆ ಒಂದೂವರೆ ಅಡಿ.

ಸೈನ್ಯದಲ್ಲಿದ್ದ ನಮ್ಮ ಮಾವ ನೋಡಲು ಬಂದಿದ್ದರು. ಅವರು ಕಾಶ್ಮೀರದಲ್ಲಿ ಇದ್ದವರು. ಅಲ್ಲಿ ಹಿಮ ಜೋರಾಗಿ ಬಿದ್ದರೆ ಜನ ಸಲಿಕೆ ಹಿಡಿದು ಮಾಳಿಗೆ ಹತ್ತುತ್ತಾರಂತೆ, ಭಾರಕ್ಕೆ ಮನೆ ಕುಸಿಯಬಾರದು ಅಂತ. "ಅವರು ಭಾರ ಇಳಿಸೋಕೆ ಹತ್ತುತ್ತಾರೆ, ನೀವು ಏರಿಸೋಕೆ ಹತ್ತುತ್ತೀರಿ" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಲೆಕ್ಕ ಹಾಕಿದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ ಮೇಲೆ ಒಂದು ಇಂಚು ಒಣ ಮಣ್ಣು ಅಂದರೆ ಸುಮಾರು 350ರಿಂದ 400 ಕಿಲೋ. ಒಂದು ಅಡಿ ಅಂದರೆ ನಾಲ್ಕು ಟನ್‌ಗಿಂತ ಜಾಸ್ತಿ. ನೀರು ಕುಡಿದರೆ ಇನ್ನೂ ಭಾರ. ಗೆದ್ದಲು ತಿಂದ ಹಳೇ ತೊಲೆ ಎಷ್ಟು ಅಂತ ಹೊರಬೇಕು?

2010ರ ಮೇ ತಿಂಗಳಲ್ಲಿ ಉಳಿದ ಕೋಣೆಗಳ ಮಣ್ಣು ಇಳಿಸಿದೆ. ಅಪ್ಪನಿಗೆ ಮನಸ್ಸಿರಲಿಲ್ಲ. "ಹಳೇ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಕೆದಕಿದರೆ ಸೋರುತ್ತದೆ" ಅಂತ ಅವರ ವಾದ. ಅದರಲ್ಲಿ ನಿಜವೂ ಇತ್ತು. ಅದಕ್ಕೇ ಪೂರ್ತಿ ತೆಗೆಯದೆ ಎಂಟು ಇಂಚಿಗೆ ನಿಲ್ಲಿಸಿದೆ. ಅದಕ್ಕಿಂತ ತೆಳ್ಳಗೆ ಮಾಡಿದರೆ ಮನೆಯ ತಂಪೂ ಹೋಗುತ್ತದೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಕೆಲಸ, ಮೇಲೆ ಇಬ್ಬರೇ ಇಬ್ಬರು. ಎರಡೂ ಕಡೆಯಿಂದ ಸಮವಾಗಿ ಕೆರೆದು ಬಂದೆವು. ಕೆರೆದ ಮಣ್ಣನ್ನು ನಡುವೆ ಗುಡ್ಡೆ ಹಾಕಲು ಬಿಡಲಿಲ್ಲ. ತೊಲೆ ಮುರಿಯುವುದು ಅಂಥ ಕಡೆಯೇ. ಬುಟ್ಟಿ ತುಂಬಿದ ಹಾಗೆ ಕೆಳಗೆ ಇಳಿಸಿದೆವು. ಎರಡು ಟ್ರ್ಯಾಲಿ ತುಂಬಿತು.

ಇಳಿಸಿದ ಮೇಲೆ ತೊಲೆ ನೋಡಿದೆ. ಎರಡು ತುದಿಗೂ ಮೊಳೆ ಹೊಡೆದು ದಾರ ಬಿಗಿಯಾಗಿ ಕಟ್ಟಿದರೆ, ತೊಲೆ ನಡುವೆ ಎಷ್ಟು ಜಗ್ಗಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಪಡಸಾಲೆಯ ತೊಲೆ ಎರಡು ಬೆರಳು ಜಗ್ಗಿತ್ತು. ಗುದ್ದಲಿ ಕಾವಿನಿಂದ ಬಡಿದು ಕೇಳಿದೆ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಗೆದ್ದಲು ತಿಂದ ಕಡೆ ಟೊಳ್ಳು ಸದ್ದು. ಗೋಡೆಯೊಳಗೆ ಹೋಗುವ ತುದಿಯಲ್ಲೇ ಟೊಳ್ಳು ಜಾಸ್ತಿ. ಅಲ್ಲಿ ಹೊಸ ಕಂಬ ಕೊಟ್ಟು ಮೇಲೆ ಬೋದಿಗೆ, ಅಂದರೆ ತೊಲೆ ಹೊರುವ ಅಡ್ಡ ಕಟ್ಟಿಗೆ, ಕೂರಿಸಿದೆ.

ಆಮೇಲೆ ಹೊಸ ಸವಳು ಮಣ್ಣಿನ ತೆಳು ಪದರ. ಈ ಮಣ್ಣು ಯಾಕೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಹೊಲದಲ್ಲಿ ಏನೂ ಬೆಳೆಯದ, ಬೆಳ್ಳಗೆ ಉಪ್ಪು ಕಟ್ಟಿದ ಜಾಗದ ಮಣ್ಣು ಅದು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೇಲಿನ ಪದರ ಮುಚ್ಚಿಹೋಗುತ್ತದೆ, ನೀರು ಕೆಳಗೆ ಇಳಿಯಲ್ಲ. ಹುಲ್ಲು ಬೆಳೆಯದ್ದೂ ಮಾಳಿಗೆಗೆ ಒಳ್ಳೆಯದೇ, ಬೇರು ಇಳಿದಲ್ಲಿ ನೀರೂ ಇಳಿಯುತ್ತದೆ. ಈಗ ಮಣ್ಣು ತರುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಗಾಜಿನ ಲೋಟದಲ್ಲಿ ತಿಳಿ ನೀರು ಹಾಕಿ, ಒಂದು ಒಣ ಹೆಂಟೆಯ ಚೂರು ಬಿಟ್ಟು, ಅಲ್ಲಾಡಿಸದೆ ಸುಮ್ನೆ ಇಡುತ್ತೇನೆ. ಒಳ್ಳೆ ಸವಳಾದರೆ ಸ್ವಲ್ಪ ಹೊತ್ತಿಗೆ ಚೂರಿನ ಸುತ್ತ ಹಾಲು ಕದಡಿದ ಹಾಗೆ ಹೊಗೆ ಏಳುತ್ತದೆ. ಬರೀ ಪುಡಿಯಾಗಿ ತಳ ಸೇರಿದರೆ ಆ ಮಣ್ಣು ಬೇಡ.

ಮಾಳಿಗೆಯ ಇಳಿಜಾರು ಐದು ಅಡಿಗೆ ಒಂದು ಇಂಚು, ದೋಣಿ ಕಡೆಗೆ. ದೋಣಿ ಅಂದರೆ ಮಾಳಿಗೆಯ ಮಳೆ ನೀರು ಹೊರಗೆ ಹೋಗುವ ಕೊಳವೆ. ದೋಣಿಯ ಬಾಯಿ ಕುಂಬಿ ಗೋಡೆಯಿಂದ (ಮಾಳಿಗೆ ಅಂಚಿನ ಗಿಡ್ಡ ಗೋಡೆ) ಎರಡು ಅಡಿ ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ನೀರು ಗೋಡೆ ಬುಡಕ್ಕೇ ಬೀಳುತ್ತದೆ. ಬೆಳಕಿಂಡಿ ಸುತ್ತ ಮಣ್ಣು ಸ್ವಲ್ಪ ಎತ್ತರ ಮಾಡಿ, ಮೇಲೆ ಗಾಜು ಮುಚ್ಚುತ್ತೇನೆ. ಒಂದು ಕೋಣೆಗೆ ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ನೋಡಿದೆ. ಒಲೆಯ ಹಬೆ ಮೇಲೆ ಹೋಗಲಾರದೆ ಹಾಳೆಗೆ ತಾಗಿ ಕಟ್ಟಿಗೆ ಒದ್ದೆಯಾಯಿತು, ಬೂಸ್ಟು ಬಂತು. ಕಿತ್ತು ಹಾಕಿದೆ.

ಮಳೆಗಾಲದಲ್ಲೂ ಕೆಲಸ ಮುಗಿಯಲ್ಲ. ನಮ್ಮಲ್ಲಿ ನಡುವೆ ಹದಿನೈದು ದಿನ ಮಳೆ ಹೋದರೆ ಮಾಳಿಗೆ ಬಿರಿಯುತ್ತದೆ. ಅದಕ್ಕೆ ಪಡಸಾಲೆ ಮೂಲೆಯಲ್ಲಿ ನಾಲ್ಕು ಚೀಲ ಒಣ ಸವಳು ಇಟ್ಟಿರುತ್ತೇನೆ. ಸೋರಿದರೆ ಮಳೆಯಲ್ಲೇ ಹತ್ತಿ ಆ ಜಾಗಕ್ಕೆ ಒಂದು ಬುಟ್ಟಿ ಸುರಿದು ತುಳಿದು ಬರುವುದು. ನಮ್ಮ ಕಡೆ ಸೆಪ್ಟೆಂಬರ್ ಮಳೆಯೇ ದೊಡ್ಡದು, ಚೀಲಗಳು ಅಲ್ಲಿಯವರೆಗೂ ಉಳಿಯಬೇಕು.

ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಮೊದಲು ಒಂದು ಕಬ್ಬಿಣದ ಸರಳು ಚುಚ್ಚಿ ದಪ್ಪ ಅಳೆಯುತ್ತೇನೆ. ಎಂಟು ಇಂಚಿಗೆ ಎಷ್ಟು ಕಡಿಮೆಯೋ ಅಷ್ಟೇ ಹಾಕುವುದು. ಆಮೇಲೆ ದಾರ ಕಟ್ಟುವುದು. ಒಂದು ತುದಿ ಮಗಳು ಹಿಡಿಯುತ್ತಾಳೆ. ಪಡಸಾಲೆಯ ತೊಲೆ ಈ ಸಲವೂ ಅದೇ ಎರಡು ಬೆರಳಿಗೆ ನಿಂತಿದೆ.