ಫಾರಂ 888ಕ್ಕೆ ಸಾಕ್ಷಿ ಹುಡುಕಿದ ನಮ್ಮ ಕಥೆ

2019ರಲ್ಲಿ ನನ್ನ ಹೆಂಡತಿಗೆ ಆಸ್ಟ್ರೇಲಿಯಾದ ಪಾರ್ಟ್ನರ್ ವೀಸಾಗೆ, ಅಂದರೆ ಸಂಗಾತಿಗೆ ಕೊಡುವ ವೀಸಾಗೆ, ಅರ್ಜಿ ಹಾಕಿದೆವು. ನಾನು ಸಿಟಿಜನ್, ಅವಳು ಮೆಲ್ಬರ್ನ್‌ಗೆ ಓದಲು ಬಂದವಳು. ಇಲ್ಲೇ ಇದ್ದುಕೊಂಡು ಹಾಕುವ ಅರ್ಜಿ, ಸಬ್‌ಕ್ಲಾಸ್ 820 ಅನ್ನುವ ತಾತ್ಕಾಲಿಕ ವೀಸಾ. ಮದುವೆ ಸರ್ಟಿಫಿಕೇಟ್ ಇದೆ, ಜಾಯಿಂಟ್ ಅಕೌಂಟ್ ಇದೆ, ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇದೆ, ಇನ್ನೇನು ಅಂದುಕೊಂಡಿದ್ದೆ. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ದಿನ ತಿಂದಿದ್ದು ಬೇರೆಯವರು ಬರೆದುಕೊಡಬೇಕಾದ ಎರಡು ಕಾಗದ.

ಅದಕ್ಕೆ ಫಾರಂ 888 ಅಂತ ಒಂದು ನಮೂನೆ ಇದೆ. ನಮ್ಮಿಬ್ಬರನ್ನೂ ಬಲ್ಲ, 18 ವರ್ಷ ದಾಟಿದ, ಸಿಟಿಜನ್ ಅಥವಾ ಪಿಆರ್ (ಕಾಯಂ ನಿವಾಸಿ) ಆದವರು ಆಗ ಅದನ್ನು ತುಂಬಬೇಕಿತ್ತು. ಮೊದಲ ಪೆಟ್ಟು ಬಿದ್ದಿದ್ದು ಅಲ್ಲೇ. ನಮ್ಮ ಗೆಳೆಯರೆಲ್ಲ ಆಗ ಟೆಂಪರರಿ ವೀಸಾದಲ್ಲಿದ್ದರು. ವಾರಕ್ಕೆರಡು ಸಲ ನಮ್ಮನೆ ಬಿಸಿಬೇಳೆಬಾತ್ ತಿಂದವರು ಒಬ್ಬರೂ ಲೆಕ್ಕಕ್ಕೆ ಬರಲಿಲ್ಲ.

ಕೊನೆಗೆ ಮೂವರನ್ನು ಕೇಳಿದೆವು. ಕನ್ನಡದವರೇ ಆದ ಒಬ್ಬ ಹಿರಿಯರು, ನನ್ನ ಸಹೋದ್ಯೋಗಿ, ಪಕ್ಕದ ಮನೆಯ ಗ್ರೀಕ್ ಅಜ್ಜಿ.

ಹಿರಿಯರು ಒಂದೇ ದಿನದಲ್ಲಿ ಬರೆದುಕೊಟ್ಟರು. ಹುಡುಗ ಸಂಭಾವಿತ, ಹುಡುಗಿ ಸಂಸ್ಕಾರವಂತೆ, ಇಬ್ಬರೂ ನೂರ್ಕಾಲ ಬಾಳಲಿ ಅಂತ. ಓದಿ ಖುಷಿಯಾಯಿತು, ಆದರೆ ಅದು ಆಶೀರ್ವಾದ, ಸಾಕ್ಷಿಯಲ್ಲ. ಸಂಬಂಧ ನಿಜ ಅಂತ ನಿಮಗೆ ಯಾಕೆ ಅನ್ನಿಸುತ್ತದೆ ಅನ್ನುವುದು ಫಾರಂ ಕೇಳುವ ಪ್ರಶ್ನೆ. ಅದಕ್ಕೆ ಕಣ್ಣಾರೆ ಕಂಡದ್ದೇ ಉತ್ತರ. 'ಅಂಕಲ್, ನಮ್ಮಿಬ್ಬರನ್ನು ಒಟ್ಟಿಗೆ ನೋಡಿದ್ದು ಯಾವಾಗ ನೆನಪಿದೆಯಾ?' ಅಂತ ಕೇಳಿದೆ. ಸ್ವಲ್ಪ ಯೋಚಿಸಿ, 'ಯುಗಾದಿ ದಿನ ನಮ್ಮನೆಗೆ ಬಂದಿದ್ರಲ್ಲ. ಅವಳು ತನ್ನ ಪಾಲಿನ ಬೇವು ಆರಿಸಿ ಆರಿಸಿ ನಿನ್ನ ತಟ್ಟೆಗೆ ಹಾಕ್ತಾ ಇದ್ಲು, ನೀನು ಸುಮ್ನೆ ತಿಂತಾ ಇದ್ದೆ' ಅಂದರು. 'ಅದನ್ನೇ ಬರೀರಿ' ಅಂದೆ. 'ಸರ್ಕಾರಕ್ಕೆ ಬೇವು ಬೆಲ್ಲದ ಕಥೆ ಯಾಕಯ್ಯಾ?' ಅಂತ ನಕ್ಕರು. ಆಮೇಲೆ ಅದನ್ನೂ ಬರೆದರು, ಅವರ ಮಂಡಿ ಆಪರೇಷನ್ ಆದಾಗ ನಾವಿಬ್ಬರೂ ಸರದಿ ಹಾಕಿಕೊಂಡು ಕಾರಿನಲ್ಲಿ ಕರೆದುಕೊಂಡು ಹೋಗಿದ್ದನ್ನೂ ಬರೆದರು.

ಆದರೆ ನಮ್ಮ ಪರಿಚಯವಾದ ವರ್ಷ 2017 ಅಂತ ಹಾಕಿದ್ದರು. ನಮ್ಮ ಅರ್ಜಿಯಲ್ಲಿ 2016 ಇತ್ತು. ನಾನು ತಿದ್ದಲು ಹೋಗಲಿಲ್ಲ. ಹಳೇ ಫೋಟೋ ನೋಡಿ ಅಂದೆ, ಅವರೇ ಸರಿ ಮಾಡಿದರು. ಇಂಥ ತಪ್ಪು ಸಣ್ಣದು ಅನ್ನಿಸುತ್ತದೆ, ಆದರೆ ಆಫೀಸರ್ ಕಣ್ಣಿಗೆ ಮೊದಲು ಬೀಳುವುದೇ ಅದು.

ಸಹೋದ್ಯೋಗಿಯದು ಬೇರೆ ಥರ. 'ನೀನೇ ಬರೆದು ಕಳಿಸು, ಸಹಿ ಹಾಕ್ತೀನಿ' ಅಂದ. ನಿಜ ಹೇಳಬೇಕೆಂದರೆ ಅರ್ಧ ಪುಟ ಬರೆದೂಬಿಟ್ಟಿದ್ದೆ. ಹೆಂಡತಿ ಓದಿ, 'ಇದು ನಿನ್ನ ಇಂಗ್ಲಿಷೇ ಅಂತ ಯಾರಿಗಾದ್ರೂ ಗೊತ್ತಾಗುತ್ತೆ' ಅಂದಳು. ಅಳಿಸಿ ಹಾಕಿದೆ. ಅವನು ಕೊನೆಗೂ ಕೊಡಲಿಲ್ಲ. ಅಂಥವರ ಹಿಂದೆ ಬೀಳುವುದು ದಂಡ.

ಸಿಕ್ಕ ಎರಡರಲ್ಲಿ ಅಜ್ಜಿಯದೇ ಚೆನ್ನಾಗಿ ಬಂತು. ಚಳಿಗಾಲದಲ್ಲಿ ಕರಿಬೇವಿನ ಕುಂಡವನ್ನು ನಾನು ರಾತ್ರಿ ಒಳಗಿಡುವುದು, ಬೆಳಿಗ್ಗೆ ಹೆಂಡತಿ ಹೊರಗಿಡುವುದು, ಕಸದ ಡಬ್ಬಿ ಹೊರಗಿಡುವ ದಿನ ಮರೆತರೆ ಅವಳು ನನ್ನನ್ನು ಬೈಯುವುದು, ಎಲ್ಲಾ ಇತ್ತು. 'ಅವರ ಭಾಷೆ ನನಗೆ ಬರುವುದಿಲ್ಲ, ಆದರೆ ಜಗಳದಲ್ಲಿ ಯಾರು ಸೋತರು ಅಂತ ಬೇಲಿ ಆಚೆಯಿಂದಲೇ ಗೊತ್ತಾಗುತ್ತದೆ' ಅಂತ ಬರೆದಿದ್ದರು. ಹೆಂಡತಿಗೆ ನಾಚಿಕೆಯಾಗಿ ಒಂದು ವಾರ ಮೆಲ್ಲಗೆ ಮಾತಾಡಿದಳು.

ಆಗ ಫಾರಂ 888 ಸ್ಟ್ಯಾಚುಟರಿ ಡಿಕ್ಲರೇಷನ್, ಅಂದರೆ ಕಾನೂನಿನ ಪ್ರಕಾರ ಪ್ರಮಾಣ ಮಾಡಿ ಕೊಡುವ ಹೇಳಿಕೆ, ಆಗಿತ್ತು. ಜೆಪಿ (ಜಸ್ಟಿಸ್ ಆಫ್ ದಿ ಪೀಸ್), ಪೊಲೀಸ್, ಫಾರ್ಮಸಿಸ್ಟ್, ಇಂಥ ಯಾರಾದರೂ ಅಧಿಕಾರ ಇರುವವರ ಮುಂದೆಯೇ ಸಹಿ ಹಾಕಬೇಕಿತ್ತು. ಸುಳ್ಳು ಹೇಳಿದರೆ 4 ವರ್ಷದವರೆಗೆ ಜೈಲು ಅಂತ ಎಚ್ಚರಿಕೆ ಬೇರೆ. ಅಂಕಲ್ ಅದನ್ನು ಓದಿ, 'ಬೇವಿನ ವಿಷಯ ನಿಜ ತಾನೇ?' ಅಂದರು! ಅಜ್ಜಿ ಮನೆಯಲ್ಲೇ ಸಹಿ ಹಾಕಿ ತಂದಿದ್ದರು. ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ತಲೆ ಅಲ್ಲಾಡಿಸಿದ. ಹೊಸದಾಗಿ ಪ್ರಿಂಟ್ ತೆಗೆದು ಮತ್ತೆ ಬರೆಸಿದ್ದಾಯಿತು. ಅವರು ಸಿಟಿಜನ್ ಅನ್ನುವುದಕ್ಕೆ ಪಾಸ್‌ಪೋರ್ಟ್ ಪ್ರತಿಯೂ ಜೊತೆಗೆ ಬೇಕು, ಅದನ್ನು ಮರೆತು ಮೂರನೇ ಸಲ ಹೋದೆವು. ನಮೂನೆ ಆಗಾಗ ಬದಲಾಗುತ್ತದೆ. ಗೆಳೆಯರ ಹಳೇ ಪ್ರತಿ ನಂಬಬೇಡಿ, ಇಲಾಖೆಯ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ.

ಮೈಸೂರಿನಿಂದ ಅಮ್ಮ ಕನ್ನಡದಲ್ಲಿ ಬರೆದ ಕಾಗದವನ್ನೂ ಲಗತ್ತಿಸಿದೆವು. ಅದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅಲ್ಲೇ ಮಾಡಿಸಿದ್ದರಿಂದ ಅನುವಾದಕರ ಹೆಸರು, ವಿಳಾಸ, ಫೋನ್, ಅರ್ಹತೆ ಎಲ್ಲಾ ಹಾಕಿಸಿದೆವು. ಅದು 888ಕ್ಕೆ ಬದಲಿ ಅಲ್ಲ, ಹೆಚ್ಚುವರಿ ಅಷ್ಟೇ.

820 ಸಿಕ್ಕ ಮೇಲೂ ಮುಗಿಯುವುದಿಲ್ಲ. ಅರ್ಜಿ ಹಾಕಿ ಎರಡು ವರ್ಷ ಆದಮೇಲೆ 801ಕ್ಕೆ, ಅಂದರೆ ಕಾಯಂ ವೀಸಾಗೆ, ಹೊಸ ಪುರಾವೆ ಕೊಡಬೇಕು. ಅಜ್ಜಿ ಅಷ್ಟರಲ್ಲಿ ಮಗಳ ಮನೆಗೆ ಜೀಲಾಂಗ್‌ಗೆ ಹೋಗಿದ್ದರು. ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ಕರಿಬೇವು ಬದುಕಿದೆಯಾ ಅಂತ.