ಕಾಲಮಿತಿಯ ಆಟ, ಚೌಕಿಯ ಕ್ಯಾಮೆರಾ

ಯಕ್ಷಗಾನದ ತೆಂಕು ಶೈಲಿಯಾದ ತೆಂಕುತಿಟ್ಟಿನಲ್ಲಿ ಊರೂರು ತಿರುಗಿ ಆಟ ಆಡುವ ಮೇಳವೊಂದರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತೇನೆ ಎಂದಾಗ ಪರಿಚಿತರು ಕೊಟ್ಟ ಸಲಹೆ ಹೆಚ್ಚುಕಡಿಮೆ ಒಂದೇ: ಟಿ.ವಿ., ಮೊಬೈಲ್ ಬಂದು ಆಟ ನೋಡುವವರಿಲ್ಲ, ಅದನ್ನೇ ತೋರಿಸು. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳ ವಿಚಾರದಲ್ಲಿ ಈ ಮಾತು ಸರಿಯಿರಬಹುದು. ಭಕ್ತರು ಹೇಳಿಕೊಂಡ ಹರಕೆಗೆ ಆಡುವ ಹರಕೆ ಮೇಳಗಳಿಗೆ ಹೊಂದುವುದಿಲ್ಲ. ಕಟೀಲು ದೇವಸ್ಥಾನದಲ್ಲಿ ಹರಕೆಯಾಟ ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಆಟ ಕಡಿಮೆಯಾಗಿಲ್ಲ, ರಾತ್ರಿ ಕಡಿಮೆಯಾಗಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ತಡೆ, ವಿಶೇಷ ಅನುಮತಿಯಿದ್ದರೆ ಮಾತ್ರ ನಡುರಾತ್ರಿಯವರೆಗೆ ಸಡಿಲಿಕೆ. ಮರುದಿನ ಕಚೇರಿಗೆ ಹೋಗಬೇಕಾದ ಪ್ರೇಕ್ಷಕರಿಗೂ ಬೆಳಗಿನವರೆಗೆ ಕೂರಲಾಗುವುದಿಲ್ಲ. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಆಟ ಬಂದದ್ದು ಹೀಗೆ.

ಈ ಬದಲಾವಣೆ ರಂಗಸ್ಥಳದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಕಾಣುತ್ತದೆ. ಕ್ಯಾಮೆರಾವನ್ನು ಅಲ್ಲೇ ಇಟ್ಟೆ. ಮೇಳದ ದೇವರಿರುವ ಜಾಗ, ಚಪ್ಪಲಿ ಹೊರಗೆ. ಯಾವ ವೇಷದವರು ಎಲ್ಲಿ ಕೂರಬೇಕೆಂಬ ಕ್ರಮವೂ ಇದೆ. ನಮ್ಮ ಟ್ರೈಪಾಡ್‌ಗೆ ಸಿಕ್ಕಿದ್ದು ವೇಷಭೂಷಣದ ಪೆಟ್ಟಿಗೆಗಳ ಹಿಂದಿನ ಮೂಲೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಎಂಬ ಉಬ್ಬು ಚುಕ್ಕಿಗಳನ್ನು ಇಡುವುದಕ್ಕೆ ಗಂಟೆಗಟ್ಟಲೆ ಬೇಕು. ಪ್ರಸಂಗವನ್ನು ಕತ್ತರಿಸಬಹುದು, ಚಿಟ್ಟಿಯನ್ನು ಅವಸರಪಡಿಸಲಾಗುವುದಿಲ್ಲ. ಹಿಂದೆ ಒಂದು ನಿದ್ದೆ ಮುಗಿಸಿ, ನಡುರಾತ್ರಿಯ ಸುಮಾರಿಗೆ ಕನ್ನಡಿಯ ಮುಂದೆ ಕೂರುತ್ತಿದ್ದ ಮಹಿಷಾಸುರ ಈಗ ಹೊತ್ತು ಮುಳುಗುವಾಗಲೇ ಕೂರುತ್ತಾನೆ. ಚಿತ್ರದ ಬೆನ್ನೆಲುಬು ಸಿಕ್ಕಿದ್ದು ಇಲ್ಲಿ.

ಚೌಕಿಗೆ ಹೊರಗಿನ ದೀಪ ಒಯ್ಯಲಿಲ್ಲ. ಅಲ್ಲಿ ಉರಿಯುತ್ತಿದ್ದ ಬಲ್ಬುಗಳೇ ಸಾಕಾದವು. ಕಷ್ಟವಾದದ್ದು ಮಹಿಷಾಸುರನ ಪ್ರವೇಶ. ಸಭೆಯ ನಡುವೆ ಆರ್ಭಟಿಸುತ್ತ ಬರುವಾಗ ದೊಂದಿಯ (ಪಂಜಿನ) ಬೆಂಕಿಗೆ ರಾಳದ ಪುಡಿ ಎರಚುತ್ತಾರೆ. ಕತ್ತಲೆಗೆ ಹೊಂದಿಸಿಕೊಂಡ ಕ್ಯಾಮೆರಾದಲ್ಲಿ ಮುಖವೆಲ್ಲ ಬಿಳಿಚಿಹೋಗುತ್ತದೆ. ಬೆಂಕಿಯ ಬೆಳಕಿಗೆ ಲೆಕ್ಕ ಹಾಕಿ ಎಕ್ಸ್‌ಪೋಷರ್ ಅನ್ನು ಮೊದಲೇ ಕೈಯಾರೆ ಕಟ್ಟಿಹಾಕಿದೆ. ಉಳಿದದ್ದು ಕಪ್ಪಾದರೆ ಆಗಲಿ. ಧ್ವನಿಗೆ ಮೇಳದ ಮಿಕ್ಸರ್‌ನಿಂದ ಭಾಗವತರ ಪದವನ್ನು ಪ್ರತ್ಯೇಕವಾಗಿ ತೆಗೆದುಕೊಂಡು, ಚೆಂಡೆಗೆ ದೂರದಲ್ಲಿ ಇನ್ನೊಂದು ಮೈಕ್ ಇಟ್ಟೆ. ಚೆಂಡೆಯನ್ನು ಹತ್ತಿರದಿಂದ ಹಿಡಿದರೆ ಪದವೆಲ್ಲ ಮುಳುಗುತ್ತದೆ.

ಸಂಕಲನದಲ್ಲಿ ಜಗಳ ನಡೆದದ್ದು ಕಥೆ ಶುರುವಾಗುವ ಮೊದಲಿನ ಪೂರ್ವರಂಗದ ಬಗ್ಗೆ. ಕೋಡಂಗಿ, ಬಾಲಗೋಪಾಲರ ಕುಣಿತದಲ್ಲಿ ಕಥೆಯಿಲ್ಲ, ತೆಗೆದುಬಿಡೋಣ ಎಂದರು ಸಂಕಲನಕಾರರು. ಕಾಲಮಿತಿಯ ಕತ್ತರಿ ಮೊದಲು ಬಿದ್ದದ್ದೂ ಅದರ ಮೇಲೆಯೇ. ಆದರೆ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಹೆಜ್ಜೆ ಗಟ್ಟಿ ಮಾಡಿಕೊಳ್ಳುತ್ತಿದ್ದದ್ದು ಆ ಹೊತ್ತಿನಲ್ಲಿ, ಜನ ಇನ್ನೂ ಬಂದು ಕೂರುತ್ತಿರುವಾಗ. ಈಗಿನ ಹುಡುಗ ತುಂಬಿದ ಸಭೆಯಲ್ಲೇ ಪಳಗಬೇಕು. ನಾನು ಹಟ ಹಿಡಿದು ಆ ಕುಣಿತವನ್ನು ಉಳಿಸಿಕೊಂಡೆ, ಜಾಗ ಮಾಡಲು ಎರಡು ಸಂದರ್ಶನ ಬಿಟ್ಟೆ.

ಕಾಲಮಿತಿಯನ್ನು ಖಳನಾಗಿಸಲು ಮನಸ್ಸಾಗಲಿಲ್ಲ. ಕಾರ್ತಿಕದಿಂದ ಮೇ ಕೊನೆಯ ಪತ್ತನಾಜೆಯವರೆಗೆ, ತಿರುಗಾಟದ ಉದ್ದಕ್ಕೂ, ನಿದ್ದೆಗೆಟ್ಟವರಿಗೆ ಮನೆಯ ಹಾಸಿಗೆ ಸಿಗುವುದು ಸಣ್ಣ ಸಂಗತಿಯಲ್ಲ. ಹಾಗಾಗಿ ಶೋಕದ ಕೊಳಲು ಬೇಡವೆಂದು ಸಂಗೀತದವರಿಗೆ ಮೊದಲೇ ಹೇಳಿದ್ದೆ. ಆಟ ಮುಗಿದ ಮೇಲೆ ಬಣ್ಣ ತೆಗೆದು, ಬೈಕ್ ಹತ್ತಿ ಮನೆಗೆ ಹೊರಡುವ ಕಲಾವಿದರ ದೃಶ್ಯಕ್ಕೆ ಇಂಜಿನ್ನಿನ ಸದ್ದನ್ನಷ್ಟೇ ಬಿಟ್ಟೆವು.